ಲಕ್ಷ್ಮಣಫಲ ಮೊದಲ ಸಲ ಸಿಕ್ಕಿದೆ: ರುಚಿ ಹೇಗಿರುತ್ತದೆ, ಏನೆಲ್ಲಾ ಮಾಡಬಹುದು?

ಹುಬ್ಬಳ್ಳಿ_ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ ಶಿರಸಿ ಕಡೆಯವರೊಬ್ಬರು ಇದ್ದಾರೆ. ಊರಿಗೆ ಹೋಗಿ ಬಂದವರು ತಮ್ಮ ತೋಟದ್ದು ಅಂತ ಒಂದು ಹಣ್ಣು ಕೊಟ್ಟರು. ಲಕ್ಷ್ಮಣಫಲ ಅಂತೆ. ತೂಕ ಎರಡು ಕೆಜಿ ಹತ್ತಿರ ಇರಬಹುದು. ಹಸಿರು ಬಣ್ಣ, ಮೈಮೇಲೆಲ್ಲಾ ಬಾಗಿದ ಮೆತ್ತನೆಯ ಮುಳ್ಳು, ಆಕಾರ ಒಂದು ಕಡೆ ಸೊಟ್ಟ. ಸೀತಾಫಲ, ರಾಮಫಲ ಎರಡೂ ತಿಂದು ಬೆಳೆದವಳು ನಾನು. ಇದನ್ನು ಮಾತ್ರ ಫೋಟೋದಲ್ಲಿ ನೋಡಿದ್ದೆ ಅಷ್ಟೇ.

ಇದು ಹಣ್ಣಾಗಿದೆ ಅಂತ ಹೇಗೆ ತಿಳಿಯುವುದು? ಈಗ ಮುಟ್ಟಿದರೆ ಗಟ್ಟಿ ಇದೆ. ರುಚಿ ಸೀತಾಫಲದ ಹಾಗೇನಾ, ಬೇರೆಯಾ? ಹಾಗೇ ತಿನ್ನುವುದಾ, ಜ್ಯೂಸ್ ಮಾಡುವುದಾ? ಮನೆಯಲ್ಲಿ ನಾಲ್ಕೇ ಜನ ಇದ್ದೇವೆ, ಇಷ್ಟು ದೊಡ್ಡ ಹಣ್ಣು ಒಂದೇ ದಿನ ಮುಗಿಯುವುದಿಲ್ಲ, ಹಾಗಾಗಿ ತೆಗೆದಿಡುವ ದಾರಿ ಇದ್ದರೆ ಅದನ್ನೂ ಹೇಳಿ. ಅತ್ತೆಗೆ ಶುಗರ್ ಇದೆ, ಅವರಿಗೆ ಕೊಡಬಹುದಾ?

ಇನ್ನೊಂದು ವಿಷಯ ಇದೆ, ಅದು ನನಗೆ ಮುಖ್ಯ. ನಮ್ಮ ದೊಡ್ಡಮ್ಮನಿಗೆ ಕೀಮೋ ನಡೆಯುತ್ತಿದೆ. ಈ ಹಣ್ಣಿನ ಹೆಸರು ಹೇಳಿದ ಕೂಡಲೇ ಮನೆಯವರೆಲ್ಲಾ ಅದನ್ನು ದೊಡ್ಡಮ್ಮನಿಗೇ ಕೊಡು, ಕ್ಯಾನ್ಸರ್ ವಾಸಿಯಾಗುತ್ತದೆ, ಎಲೆ ಇದ್ದರೆ ಕಷಾಯ ಮಾಡು ಅಂತ ಶುರು ಮಾಡಿದ್ದಾರೆ. ವಾಟ್ಸಾಪಿನಲ್ಲಿ ಬಂದ ಮೆಸೇಜನ್ನೂ ತೋರಿಸುತ್ತಿದ್ದಾರೆ. ಇದರಲ್ಲಿ ಎಷ್ಟು ನಿಜ ಇದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುಳ್ಯದ_ತೋಟದಾಕೆ:

ಅಕ್ಕ, ಒಳ್ಳೆಯ ಹಣ್ಣು ಸಿಕ್ಕಿದೆ ನಿಮಗೆ. ಗಟ್ಟಿ ಇದ್ದರೆ ಚಿಂತೆ ಬೇಡ, ಮರದಿಂದ ಗಟ್ಟಿ ಇರುವಾಗಲೇ ಕೀಳುತ್ತಾರೆ. ಮರದಲ್ಲೇ ಪೂರ್ತಿ ಹಣ್ಣಾಗಲು ಬಿಟ್ಟರೆ ಕೆಳಗೆ ಬಿದ್ದು ಒಡೆದು ಹೋಗುತ್ತದೆ, ಇಲ್ಲದಿದ್ದರೆ ಬಾವಲಿ, ಅಳಿಲು ಬಿಡುವುದಿಲ್ಲ.

ಹೊರಗೇ ಇಡಿ. ಹಣ್ಣಾಗುವ ಮೊದಲು ಫ್ರಿಜ್‌ನಲ್ಲಿ ಇಟ್ಟರೆ ಇದು ಹಣ್ಣಾಗುವುದೇ ಇಲ್ಲ, ಸಿಪ್ಪೆ ಕಪ್ಪಾಗಿ ಒಳಗೆ ಹಾಗೇ ಕೆಡುತ್ತದೆ. ಒಂದು ಹಳೆ ಬಟ್ಟೆ ಅಥವಾ ಗೋಣಿಯ ಮೇಲೆ ಮಲಗಿಸಿ ಇಟ್ಟು ದಿನಾ ಬೆಳಿಗ್ಗೆ ಸಂಜೆ ಮುಟ್ಟಿ ನೋಡುತ್ತಿರಿ. ಬೆಳೆದು ಕಿತ್ತ ಹಣ್ಣಾದರೆ ಮೂರರಿಂದ ಐದು ದಿನದಲ್ಲಿ ಮೆತ್ತಗಾಗುತ್ತದೆ. ಕಡು ಹಸಿರು ಹೋಗಿ ಸ್ವಲ್ಪ ಹಳದಿ ತಿರುಗುತ್ತದೆ, ಮುಳ್ಳು ದೂರ ದೂರ ಆದ ಹಾಗೆ ಕಾಣುತ್ತದೆ. ಆದರೆ ಬಣ್ಣ ನಂಬಬೇಡಿ, ಬೆರಳನ್ನೇ ನಂಬಿ. ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಎಲ್ಲ ಕಡೆಯೂ ಒಳಗೆ ಹೋಗಬೇಕು, ತೊಟ್ಟಿನ ಹತ್ತಿರ ಕೂಡ. ಸಿಪ್ಪೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆ ಬಂದರೆ ಹಣ್ಣು ಹಾಳಾಯಿತು ಅಂತಲ್ಲ. ಮೆತ್ತಗಾದ ಮೇಲೆ ಮಾತ್ರ ಕಾಯಿಸಬೇಡಿ. ಒಂದು ದಿನ ತಡವಾದರೂ ಹುಳಿ ಬಂದು ಹೆಂಡದ ವಾಸನೆ ಶುರುವಾಗುತ್ತದೆ. ಬೇಕಾದರೆ ಮೆತ್ತಗಾದ ಕೂಡಲೇ ಫ್ರಿಜ್‌ಗೆ ಹಾಕಿ, ಒಂದೆರಡು ದಿನ ತಡೆಯುತ್ತದೆ.

ರುಚಿ ಸೀತಾಫಲದ್ದಲ್ಲ, ಅದನ್ನು ಮೊದಲೇ ತಿಳಿದುಕೊಂಡಿರಿ. ಸೀತಾಫಲ ಅಂದುಕೊಂಡು ಬಾಯಿಗೆ ಹಾಕಿದವರೇ ಇದು ಚೆನ್ನಾಗಿಲ್ಲ ಅಂತ ಬಿಡುವುದು. ಸೀತಾಫಲದಲ್ಲಿ ಹುಳಿಯೇ ಇಲ್ಲ ಅಲ್ವಾ, ಮತ್ತೆ ಮರಳು ಮರಳು. ಇದರಲ್ಲಿ ಹುಳಿ ಮೊದಲು ಬರುತ್ತದೆ, ಸಿಹಿ ಅದರ ಹಿಂದೆ. ಪರಿಮಳದಲ್ಲಿ ಅನಾನಸ್ ಎದ್ದು ಕಾಣುತ್ತದೆ, ಜೊತೆಗೆ ಸ್ವಲ್ಪ ಸ್ಟ್ರಾಬೆರಿ, ಸ್ವಲ್ಪ ಹಣ್ಣಾದ ಬಾಳೆ. ತಿರುಳು ಬಿಳಿ, ನೆನೆದ ಹತ್ತಿಯ ಹಾಗೆ ನಾರು ನಾರು, ಆದರೂ ಬಾಯಲ್ಲಿ ಕೆನೆಯ ತರ ನುಣುಪು. ನಾರು ಮತ್ತು ಕೆನೆ ಎರಡೂ ಒಂದರಲ್ಲೇ ಇರುವ ಬೇರೆ ಹಣ್ಣು ನನಗೆ ತಿಳಿದಿಲ್ಲ. ನನಗೆ ಇದು ಇಷ್ಟವಾಗುವುದು ಆ ಹುಳಿಗಾಗಿಯೇ. ಸೀತಾಫಲ ಒಂದು ತಿಂದರೆ ಸಾಕು ಅನಿಸುತ್ತದೆ, ಇದು ಹಾಗಲ್ಲ, ಕೈ ಮತ್ತೆ ಮತ್ತೆ ಹೋಗುತ್ತದೆ. ಹುಳಿ ಎಷ್ಟು ಅನ್ನುವುದು ಮರದಿಂದ ಮರಕ್ಕೆ ಬೇರೆ. ನಮ್ಮಲ್ಲಿ ಎರಡು ಮರ ಇವೆ, ಒಂದರದ್ದು ಹಾಗೇ ತಿನ್ನಲು ಚೆಂದ, ಇನ್ನೊಂದರದ್ದು ಸಕ್ಕರೆ ಇಲ್ಲದೆ ಆಗುವುದಿಲ್ಲ. ನಿಮ್ಮ ಹಣ್ಣು ಯಾವ ಜಾತಿ ಅಂತ ತಿಂದೇ ನೋಡಬೇಕು.

ಸಿಪ್ಪೆ ಕಹಿ, ಅದನ್ನು ಬಿಡಿ. ಸರಿಯಾಗಿ ಹಣ್ಣಾದರೆ ಕತ್ತಿಯೂ ಬೇಡ, ಕೈಯಲ್ಲೇ ಎರಡು ಹೋಳಾಗುತ್ತದೆ. ನಡುವಿನ ದಿಂಡನ್ನು ಎಳೆದು ತೆಗೆಯಿರಿ. ಎಲ್ಲ ತೊಳೆಯಲ್ಲೂ ಬೀಜ ಇರುವುದಿಲ್ಲ, ಖಾಲಿ ತೊಳೆಗಳೂ ತುಂಬಾ ಇರುತ್ತವೆ. ಬೀಜದ ವಿಷಯ ಮಾತ್ರ ಜೋಪಾನ. ಕಪ್ಪಗೆ, ನುಣ್ಣಗೆ, ಸೀತಾಫಲದ ಬೀಜದ ಹಾಗೇ ಇರುತ್ತದೆ, ಅದರ ಗುಣವೂ ಅದೇ. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುತ್ತಿದ್ದರಲ್ಲ ಹಿಂದೆ, ಇದನ್ನೂ ಹಲವು ದೇಶಗಳಲ್ಲಿ ಹಾಗೇ ಬಳಸುತ್ತಾರೆ. ಹೇನು ಸಾಯಿಸುವ ವಸ್ತು ಹೊಟ್ಟೆಗೆ ಹೋಗಬಾರದು, ಕಣ್ಣಿಗಂತೂ ತಾಗಲೇಬಾರದು. ಹಾಗಾಗಿ ಜ್ಯೂಸ್ ಮಾಡುವಾಗ ಬೀಜದ ಸಮೇತ ಮಿಕ್ಸಿಗೆ ಹಾಕಬೇಡಿ. ಒಂದೊಂದೇ ಬೀಜ ಕೈಯಲ್ಲಿ ಬಿಡಿಸುವುದು ಬೇಜಾರಿನ ಕೆಲಸ, ಅದಕ್ಕೆ ನಾವು ಮಾಡುವುದು ಹೀಗೆ: ತಿರುಳನ್ನೆಲ್ಲಾ ಪಾತ್ರೆಗೆ ಹಾಕಿ, ಒಂದು ಲೋಟ ತಣ್ಣೀರು ಹೊಯ್ದು, ಹುಣಸೆಹಣ್ಣು ಕಿವುಚಿದ ಹಾಗೆ ಕೈಯಲ್ಲೇ ಕಿವುಚಿ, ದೊಡ್ಡ ಕಣ್ಣಿನ ಜರಡಿಯಲ್ಲಿ ಉಜ್ಜುವುದು. ಬೀಜ ಮತ್ತು ಒರಟು ನಾರು ಮೇಲೆ ಉಳಿಯುತ್ತದೆ, ದಪ್ಪ ರಸ ಕೆಳಗೆ ಬರುತ್ತದೆ. ಅದಕ್ಕೆ ಬೇಕಾದಷ್ಟು ನೀರು, ಸಕ್ಕರೆ, ಒಂದು ಚಿಟಿಕೆ ಉಪ್ಪು. ಉಪ್ಪು ಮರೆಯಬೇಡಿ, ಪರಿಮಳ ಎದ್ದು ಬರುವುದು ಅದರಿಂದಲೇ. ಏಲಕ್ಕಿ ಹಾಕಬೇಡಿ, ಹಣ್ಣಿನ ವಾಸನೆಯನ್ನು ಮುಚ್ಚಿಬಿಡುತ್ತದೆ.

ಔಷಧಿ ವಿಷಯ ನನಗಿಂತ ತಿಳಿದವರು ಹೇಳಲಿ.

ಜಕಾರ್ತಾ_ಕನ್ನಡಿಗ:

ಈ ಹಣ್ಣಿನ ಬಗ್ಗೆ ಕನ್ನಡದಲ್ಲಿ ಮಾತಾಡುವುದು ನೋಡಿ ಖುಷಿಯಾಯಿತು. ನಾನು ಇಂಡೋನೇಷ್ಯಾದಲ್ಲಿ ಇದ್ದೇನೆ. ಇಲ್ಲಿ ಇದಕ್ಕೆ ಸಿರ್ಸಾಕ್ ಅನ್ನುತ್ತಾರೆ, ಯಾರಿಗೂ ಇದು ಅಪರೂಪದ ವಸ್ತು ಅಲ್ಲ. ರಸ್ತೆ ಬದಿಯ ಜ್ಯೂಸ್ ಗಾಡಿಯಲ್ಲಿ ಮಾವು, ಬೆಣ್ಣೆಹಣ್ಣಿನ ಪಕ್ಕದಲ್ಲೇ ಇದೂ ಇರುತ್ತದೆ. ಬಿಸಿಲಲ್ಲಿ ನಡೆದು ಬಂದವರು ದೊಡ್ಡ ಗ್ಲಾಸಿನಲ್ಲಿ ಐಸ್ ಹಾಕಿಸಿಕೊಂಡು ಕುಡಿಯುತ್ತಾರೆ. ಪ್ಯಾಕೆಟ್ ಜ್ಯೂಸ್ ಕೂಡ ಅಂಗಡಿಗಳಲ್ಲಿ ಸಿಗುತ್ತದೆ.

ಮೂಲದಲ್ಲಿ ಇದು ಅಮೆರಿಕದ ಉಷ್ಣ ಪ್ರದೇಶದ ಮರ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದ್ದು. ಅಲ್ಲಿಂದ ಹಡಗಿನಲ್ಲಿ ಈ ಕಡೆ ಬಂದ ಮೊದಮೊದಲ ಹಣ್ಣಿನ ಮರಗಳಲ್ಲಿ ಇದೂ ಒಂದು. ಈಗ ಇಂಡೋನೇಷ್ಯಾ, ಫಿಲಿಪೀನ್ಸ್, ವಿಯೆಟ್ನಾಂ, ಶ್ರೀಲಂಕಾ, ನಮ್ಮ ಕೇರಳ, ಎಲ್ಲ ಕಡೆ ಮನೆ ಹಿತ್ತಲಲ್ಲಿ ಬೆಳೆಯುತ್ತದೆ. ಕೇರಳದಲ್ಲಿ ಮುಳ್ಳಾತ್ತ ಅಂತ ಕೇಳಿದರೆ ಗೊತ್ತಾಗುತ್ತದೆ.

ಬಳಕೆ ನೋಡಿದರೆ ಎಲ್ಲ ಕಡೆ ಕುಡಿಯುವುದೇ ಜಾಸ್ತಿ, ಬರೀ ತಿನ್ನುವುದು ಕಡಿಮೆ. ಕ್ಯೂಬಾ, ಪೋರ್ಟೊ ರಿಕೊ ಕಡೆ ತಣ್ಣನೆಯ ಹಾಲು, ಸಕ್ಕರೆ ಸೇರಿಸಿ ಚಂಪೋಲಾ ಅಂತ ಮಾಡುತ್ತಾರೆ. ವಿಯೆಟ್ನಾಂನಲ್ಲಿ ಐಸ್ ಮತ್ತು ಕಂಡೆನ್ಸ್ಡ್ ಮಿಲ್ಕ್ ಹಾಕಿ ದಪ್ಪಗೆ ರುಬ್ಬುತ್ತಾರೆ. ಅಲ್ಲಿ ಈಚೆಗೆ ಇದರ ತಿರುಳನ್ನು ಸಕ್ಕರೆಯಲ್ಲಿ ಕಲಸಿ ತಣ್ಣನೆಯ ಟೀಗೆ ಹಾಕುವುದೂ ಶುರುವಾಗಿದೆ. ನಾನು ಕುಡಿದಿದ್ದೇನೆ, ಹಾಲು ಹಾಕದ ಕಡಕ್ ಟೀಗೆ ಈ ಹುಳಿ ತುಂಬಾ ಚೆನ್ನಾಗಿ ಹೊಂದುತ್ತದೆ, ನಿಂಬೆ ಟೀಗಿಂತ ನನಗೆ ಇದೇ ಹಿಡಿಸಿತು. ಇಲ್ಲಿ ಜಾವಾದಲ್ಲಿ ತಿರುಳಿಗೆ ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಕಾಯಿಸಿ ದೋದೋಲ್ ಅಂತ ಮಿಠಾಯಿ ಮಾಡುತ್ತಾರೆ, ನಮ್ಮ ಹಲಸಿನ ಹಣ್ಣನ್ನು ಬೆಲ್ಲದಲ್ಲಿ ಮಗುಚುತ್ತಾರಲ್ಲ, ಕೆಲಸ ಅದೇ. ಎಳೆ ಕಾಯಿಯನ್ನು ತರಕಾರಿಯಾಗಿ ಬೇಯಿಸಿ ಸಾರಿಗೂ ಹಾಕುತ್ತಾರೆ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಕಾಯಿಯನ್ನು ಸುಟ್ಟು ಅಥವಾ ಕರಿದು ತಿನ್ನುವುದುಂಟು.

ಹಾಲು ಸೇರಿಸುವುದಾದರೆ ಒಂದು ಮಾತು. ಹಾಲು ಫ್ರಿಜ್‌ನಿಂದ ತೆಗೆದ ತಣ್ಣನೆಯದೇ ಆಗಿರಲಿ, ಸೇರಿಸಿದ ಕೂಡಲೇ ಕುಡಿದುಬಿಡಿ. ಹುಳಿ ಇರುವುದರಿಂದ ಬಿಸಿ ಹಾಲು ಒಡೆದೇ ಹೋಗುತ್ತದೆ. ಕಂಡೆನ್ಸ್ಡ್ ಮಿಲ್ಕ್ ಆದರೆ ಈ ತೊಂದರೆ ಕಡಿಮೆ.

ಫಾರ್ಮಸಿ_ಮೇಷ್ಟ್ರು:

ಅಮ್ಮಾ, ನಿಮ್ಮ ದೊಡ್ಡಮ್ಮನ ವಿಷಯ ಓದಿದೆ. ನಾನು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವವನು. ಪ್ರತಿ ವರ್ಷ ಹುಡುಗರು ಇದೇ ಮೆಸೇಜ್ ತಂದು ಕೇಳುತ್ತಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಿಮಗೆ ಬಂದ ಮೆಸೇಜಿನಲ್ಲಿ "ಕೀಮೋಗಿಂತ 10,000 ಪಟ್ಟು ಶಕ್ತಿ" ಅಂತ ಇರಬೇಕು ಅಲ್ವಾ? ಆ ಸಂಖ್ಯೆ ಗಾಳಿಯಿಂದ ಬಂದದ್ದಲ್ಲ, ಅದಕ್ಕೇ ಜನ ನಂಬುವುದು. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಈ ಹಣ್ಣಿನ ಬೀಜದಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಅದರಲ್ಲಿ ಒಂದು, ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ, ಆಡ್ರಿಯಾಮೈಸಿನ್ ಅನ್ನುವ ಕೀಮೋ ಔಷಧಿಗಿಂತ 10,000 ಪಟ್ಟು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತು. ಅಷ್ಟೇ ವಿಷಯ. ಬೀಜದ ಒಂದು ರಾಸಾಯನಿಕ, ಒಂದು ಬಗೆಯ ಕೋಶ, ಒಂದು ತಟ್ಟೆ. ಅದರಲ್ಲಿ ರೋಗಿ ಇರಲಿಲ್ಲ, ಹಣ್ಣಿನ ತಿರುಳೂ ಇರಲಿಲ್ಲ. ತಟ್ಟೆಯಲ್ಲಿರುವ ಕೋಶವನ್ನು ಸಾಯಿಸುವ ವಸ್ತುಗಳು ನೂರಾರು ಇವೆ. ಅದು ದೇಹದೊಳಗೆ ಹೋಗಿ, ರಕ್ತದಲ್ಲಿ ಸೇರಿ, ಗೆಡ್ಡೆಯನ್ನು ತಲುಪಿ, ಒಳ್ಳೆಯ ಕೋಶಗಳನ್ನು ಬಿಟ್ಟು ಕೆಟ್ಟದ್ದನ್ನು ಮಾತ್ರ ಹಿಡಿಯಬೇಕು. ಲಕ್ಷ್ಮಣಫಲ ತಿಂದು ಅಥವಾ ಅದರ ಎಲೆ ಕುಡಿದು ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ತೋರಿಸಿದ ಸರಿಯಾದ ದೊಡ್ಡ ಪ್ರಯೋಗ ಮನುಷ್ಯರ ಮೇಲೆ ಇದುವರೆಗೆ ಇಲ್ಲ.

ಇನ್ನೊಂದು ಮಗ್ಗುಲನ್ನು ಆ ಮೆಸೇಜ್ ಹೇಳುವುದೇ ಇಲ್ಲ. ಈ ರಾಸಾಯನಿಕಗಳ ಗುಂಪಿಗೆ ಅಸಿಟೋಜೆನಿನ್ ಅನ್ನುತ್ತಾರೆ, ಅದರಲ್ಲಿ ಮುಖ್ಯವಾದದ್ದು ಅನೊನಾಸಿನ್. ಕೋಶದೊಳಗೆ ಶಕ್ತಿ ತಯಾರಾಗುವ ಜಾಗವನ್ನೇ ಇದು ತಡೆಯುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಹಾಗೆ. ಮೆದುಳಿನ ನರಕೋಶಕ್ಕೂ ಅದೇ ಶಕ್ತಿ ಬೇಕು, ಅದಕ್ಕೂ ಪೆಟ್ಟು ಬೀಳುತ್ತದೆ. ಕೆರಿಬಿಯನ್‌ನಲ್ಲಿ ಗ್ವಾಡಲೂಪ್ ಅಂತ ಒಂದು ದ್ವೀಪ ಇದೆ, ಫ್ರಾನ್ಸಿಗೆ ಸೇರಿದ್ದು. ಅಲ್ಲಿ ಪಾರ್ಕಿನ್ಸನ್ (ಕೈಕಾಲು ನಡುಗುವ, ಮೈ ಬಿಗಿಯುವ ಮೆದುಳಿನ ಕಾಯಿಲೆ) ತರಹದ, ಆದರೆ ಮಾಮೂಲಿ ಪಾರ್ಕಿನ್ಸನ್ ಮಾತ್ರೆಗೆ ಬಗ್ಗದ ಒಂದು ಕಾಯಿಲೆ ಬೇರೆ ಕಡೆಗಿಂತ ಹೆಚ್ಚಾಗಿ ಕಂಡಿತು. ಅಲ್ಲಿಯ ಜನ ಈ ಹಣ್ಣನ್ನು ಹೇರಳವಾಗಿ ತಿನ್ನುತ್ತಾರೆ, ಎಲೆಯ ಕಷಾಯವನ್ನೂ ಕುಡಿಯುತ್ತಾರೆ. ಇವೆರಡಕ್ಕೆ ಸಂಬಂಧ ಇರಬಹುದು ಎಂದು 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ಆಮೇಲೆ ಇಲಿಗಳಿಗೆ ಅನೊನಾಸಿನ್ ಕೊಟ್ಟು ನೋಡಿದಾಗ ಮೆದುಳಿನ ನರಕೋಶಗಳು ಹಾಳಾದದ್ದೂ ಕಂಡಿತು. ಇದರಿಂದ ಹಣ್ಣೇ ಕಾರಣ ಎಂದು ಖಚಿತವಾಗಿ ಸಾಬೀತಾಗಿದೆ ಎಂದಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಬಟ್ಟಲು ತಿನ್ನುವವರು ಹೆದರಬೇಕಾಗಿಯೂ ಇಲ್ಲ. ಆದರೆ ಔಷಧಿ ಎಂದು ದಿನಾ, ತಿಂಗಳುಗಟ್ಟಲೆ ಎಲೆ ಕುದಿಸಿ ಕುಡಿಯುವುದು ಬೇರೆ ವಿಷಯ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ, ಪಾರ್ಕಿನ್ಸನ್ ಇರುವವರಿಗಂತೂ ಹಣ್ಣೂ ಬೇಡ ಅನ್ನುತ್ತೇನೆ.

ದೊಡ್ಡಮ್ಮನಿಗೆ ಕೀಮೋ ನಡೆಯುತ್ತಿರುವಾಗ ಕಷಾಯ ಖಂಡಿತಾ ಬೇಡ. ಕೀಮೋ ಔಷಧಿಯನ್ನು ಲಿವರ್, ಕಿಡ್ನಿ ಸಂಭಾಳಿಸುತ್ತಿರುತ್ತವೆ, ಅದರ ಮೇಲೆ ಏನಿದೆ ಎಷ್ಟಿದೆ ಎಂದು ಅಳತೆಯೇ ಇಲ್ಲದ ಎಲೆ ರಸ ಹಾಕಬಾರದು. ಹಣ್ಣಿನ ತಿರುಳು ನಾಲ್ಕು ಚಮಚ ತಿನ್ನಲು ಆಸೆಯಾದರೆ ಅವರ ಡಾಕ್ಟರನ್ನು ಒಂದು ಮಾತು ಕೇಳಿ. ಕೀಮೋ ಸಮಯದಲ್ಲಿ ರಕ್ತದ ಬಿಳಿ ಕಣ ಕಡಿಮೆ ಇದ್ದರೆ ಹಸಿ ಹಣ್ಣು, ಹಸಿ ತರಕಾರಿಗೇ ಕೆಲವು ಸಲ ಬೇಡ ಅನ್ನುತ್ತಾರೆ, ಅದು ಯಾವ ಹಣ್ಣಾದರೂ ಸರಿ.

ಅತ್ತೆಯ ಶುಗರ್ ವಿಷಯ: 100 ಗ್ರಾಂ ತಿರುಳಲ್ಲಿ ಸುಮಾರು 66 ಕ್ಯಾಲೊರಿ, 13-14 ಗ್ರಾಂ ಸಕ್ಕರೆ ಅಂಶ, 3 ಗ್ರಾಂ ನಾರು, 20 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಹುಳಿ ಇದೆ ಅಂತ ಸಕ್ಕರೆ ಇಲ್ಲ ಎಂದುಕೊಳ್ಳಬಾರದು. ಅರ್ಧ ಬಟ್ಟಲು ತಿರುಳನ್ನು ಹಾಗೇ ತಿನ್ನಲಿ, ಊಟದ ಮೇಲೆ ಅಲ್ಲ, ನಡುವೆ. ನಾರು ಸೋಸಿ ಸಕ್ಕರೆ ಬೆರೆಸಿದ ಜ್ಯೂಸ್ ಅವರಿಗೆ ಬೇಡ.

ಮಂಡ್ಯ_ಬಯಲು:

ಮೇಷ್ಟ್ರೇ, ನಿಮ್ಮ ಮಾತಿಗೆ ಎದುರಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಊರಲ್ಲಿ ಒಬ್ಬರು ಈ ಎಲೆ ಕಷಾಯ ಕುಡಿದು ಗುಣ ಆಗಿದ್ದಾರೆ, ಈಗಲೂ ಹೊಲಕ್ಕೆ ಹೋಗುತ್ತಾರೆ. ಆಸ್ಪತ್ರೆಯ ಖರ್ಚಿಗೆ ಹೆದರಿ ಜನ ಇಂಥದ್ದರ ಹಿಂದೆ ಹೋಗುತ್ತಾರೆ. ಎಲ್ಲವನ್ನೂ ಸುಳ್ಳು ಅಂತ ತಳ್ಳಿ ಹಾಕಿದರೆ ಹೇಗೆ?

ಫಾರ್ಮಸಿ_ಮೇಷ್ಟ್ರು:

ಅವರು ಚೆನ್ನಾಗಿರುವುದು ಬಹಳ ಸಂತೋಷ, ಇನ್ನೂ ನೂರು ವರ್ಷ ಹೊಲಕ್ಕೆ ಹೋಗಲಿ. ನಾನು ಕೇಳುವುದು ಇಷ್ಟೇ: ಅವರು ಆಪರೇಶನ್, ಕೀಮೋ, ರೇಡಿಯೇಶನ್ ಯಾವುದೂ ಮಾಡಿಸದೆ ಬರೀ ಕಷಾಯ ಕುಡಿದರಾ? ನಾನು ವಿಚಾರಿಸಿದ ಕಡೆಯೆಲ್ಲಾ ಎರಡೂ ನಡೆದಿತ್ತು, ಹೆಸರು ಮಾತ್ರ ಕಷಾಯಕ್ಕೆ ಬಂತು. ಕಷಾಯ ನಂಬಿ ಆಸ್ಪತ್ರೆ ಬಿಟ್ಟವರ ಕಥೆಯನ್ನು ಮೆಸೇಜ್ ಮಾಡಿ ಕಳಿಸಲು ಅವರು ಇರುವುದಿಲ್ಲ.

ಖರ್ಚಿನ ಮಾತು ನೀವು ಹೇಳಿದ್ದು ಪೂರ್ತಿ ಸರಿ, ಜನರ ಕಷ್ಟ ಅಲ್ಲೇ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೂ ನೆರವು ಇದೆ, ಮೊದಲು ಅದನ್ನು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಒಣ ಎಲೆಗೆ, ಪುಡಿಗೆ, ಕ್ಯಾಪ್ಸೂಲಿಗೆ ಆನ್‌ಲೈನಿನಲ್ಲಿ ಸುರಿಯುವ ದುಡ್ಡೂ ಕಡಿಮೆ ಏನಲ್ಲ.

ಹುಬ್ಬಳ್ಳಿ_ಅಡುಗೆಮನೆ:

ಮೇಷ್ಟ್ರೇ, ನಿಮ್ಮ ಉತ್ತರವನ್ನು ಮನೆಯ ಗ್ರೂಪಿಗೇ ಹಾಕಿದೆ. ದೊಡ್ಡಮ್ಮನ ಮಗನೂ ಓದಿದ, ಕಷಾಯದ ಮಾತು ಅಲ್ಲಿಗೆ ನಿಂತಿತು. ಡಾಕ್ಟರನ್ನು ಕೇಳಿದಾಗ ಈ ವಾರ ಹಸಿ ಹಣ್ಣು ಯಾವುದೂ ಬೇಡ, ಮುಂದಿನ ರಕ್ತ ಪರೀಕ್ಷೆ ನೋಡಿ ಹೇಳುತ್ತೇನೆ ಅಂದರಂತೆ. ತುಂಬಾ ಉಪಕಾರವಾಯಿತು.

ಹಣ್ಣು ಇವತ್ತು ಮೆತ್ತಗಾಗಿತ್ತು, ಒಡೆದೆ. ಮನೆ ತುಂಬಾ ಅನಾನಸ್ ವಾಸನೆ! ಸುಳ್ಯದ ಅಕ್ಕ ಹೇಳಿದ ಹಾಗೆ ಹುಳಿ ಮೊದಲು, ಆಮೇಲೆ ಸಿಹಿ. ನಮ್ಮವರಿಗೆ ನಾರು ಹಿಡಿಸಲಿಲ್ಲ, ಸೀತಾಫಲವೇ ಮೇಲು ಅಂದರು. ಮಕ್ಕಳು ಮಾತ್ರ ಬಟ್ಟಲು ಬಿಡಲೇ ಇಲ್ಲ. ನನಗಂತೂ ಉಪ್ಪು ಹಾಕಿದ ಶರಬತ್ತು ಎಲ್ಲಕ್ಕಿಂತ ಇಷ್ಟವಾಯಿತು, ಸ್ವಲ್ಪ ಕಾಮಕಸ್ತೂರಿ ಬೀಜ ನೆನೆಸಿ ಹಾಕಿದೆ, ಬಾಯಿಗೆ ಸಿಕ್ಕುವಾಗ ಚೆನ್ನಾಗಿತ್ತು. ಅತ್ತೆಗೆ ಅರ್ಧ ಬಟ್ಟಲು ತಿರುಳು ಕೊಟ್ಟೆ, ಅವರು ಬೆರಳು ಚೀಪಿ ತಿಂದರು.

ಈಗ ಎರಡು ಪ್ರಶ್ನೆ. ಇನ್ನೂ ಅರ್ಧದಷ್ಟು ತಿರುಳು ಉಳಿದಿದೆ, ಏನು ಮಾಡಲಿ? ಮತ್ತೆ ಬೀಜ ಬೇಕಾದಷ್ಟಿದೆ, ಹುಬ್ಬಳ್ಳಿಯ ಹಿತ್ತಲಲ್ಲಿ ಹಾಕಿದರೆ ಗಿಡ ಬರುತ್ತದಾ?

ಸುಳ್ಯದ_ತೋಟದಾಕೆ:

ತಿರುಳನ್ನು ಫ್ರೀಜರಿಗೆ ಹಾಕಿ ಅಕ್ಕ. ಬೀಜ ತೆಗೆದು, ಕಪ್ಪಾಗದ ಹಾಗೆ ಅರ್ಧ ಹೋಳು ನಿಂಬೆರಸ ಹಿಂಡಿ, ಒಂದು ಸಲಕ್ಕೆ ಬೇಕಾಗುವಷ್ಟು ಡಬ್ಬಿಗಳಲ್ಲಿ ಹಂಚಿ ಇಡಿ. ತಿಂಗಳುಗಟ್ಟಲೆ ಇರುತ್ತದೆ, ಪರಿಮಳವೂ ಹೋಗುವುದಿಲ್ಲ. ಈ ಹಣ್ಣಿಗೆ ಚಳಿ ಆಗುತ್ತದೆ, ಬೆಂಕಿ ಆಗುವುದಿಲ್ಲ. ನಮ್ಮ ಕಡೆ ಅನಾನಸ್, ಮಾವಿನಹಣ್ಣಿನ ಮೆಣಸ್ಕಾಯಿ (ಸಿಹಿ ಹುಳಿ ಖಾರದ ಗೊಜ್ಜು) ಮಾಡುತ್ತೇವಲ್ಲ, ಇದರದ್ದೂ ಮಾಡಿ ನೋಡಿದ್ದೇವೆ. ಕುದಿಸಿದ ಕೂಡಲೇ ಘಮ ಎಲ್ಲಾ ಹೋಗಿ ಬರೀ ಹುಳಿ ಉಳಿಯುತ್ತದೆ. ಅದಕ್ಕೆ ಅನಾನಸೇ ಸರಿ. ಜ್ಯಾಮ್ ಕೂಡ ಅಷ್ಟಕ್ಕಷ್ಟೇ.

ಐಸ್‌ಕ್ರೀಮ್ ಮಾಡಿ, ಅದರಲ್ಲಿ ಇದನ್ನು ಮೀರಿಸುವ ಹಣ್ಣು ಕಡಿಮೆ. ಎರಡು ಕಪ್ ತಿರುಳಿಗೆ ಅರ್ಧ ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಒಂದು ಕಪ್ ಚೆನ್ನಾಗಿ ಕಡೆದ ತಣ್ಣನೆಯ ಕ್ರೀಮ್, ಚಿಟಿಕೆ ಉಪ್ಪು. ತಿರುಳನ್ನು ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ, ನಾರು ಸ್ವಲ್ಪ ಇರಲಿ. ಎಲ್ಲ ಕಲಸಿ ಫ್ರೀಜರಿಗೆ ಹಾಕಿ, ಎರಡು ಗಂಟೆ ಬಿಟ್ಟು ಒಮ್ಮೆ ಕದಡಿ ಮತ್ತೆ ಇಡಿ. ಕ್ರೀಮ್ ಬೇಡ ಅಂದರೆ ತಿರುಳು, ಸಕ್ಕರೆ, ನೀರು ಅಷ್ಟನ್ನೇ ಅಚ್ಚಿಗೆ ಹಾಕಿ ಐಸ್‌ಕ್ಯಾಂಡಿ ಮಾಡಿ, ಮಕ್ಕಳಿಗೆ ಸಾಕು.

ತೀರ್ಥಹಳ್ಳಿ_ತೋಟಿಗ:

ಗಿಡದ ಬಗ್ಗೆ ನಾನು ಹೇಳುತ್ತೇನೆ. ಅಡಿಕೆ ತೋಟದ ಅಂಚಿನಲ್ಲಿ ಕೆಲವು ಗಿಡ ಹಾಕಿಕೊಂಡಿದ್ದೇವೆ.

ಬೀಜದಿಂದ ಸುಲಭವಾಗಿ ಬರುತ್ತದೆ. ತೊಳೆದು ತಿರುಳೆಲ್ಲಾ ಹೋದ ಮೇಲೆ ಒಂದು ರಾತ್ರಿ ನೆನೆಸಿ, ಮರಳು, ಮಣ್ಣು, ಗೊಬ್ಬರ ಬೆರೆಸಿದ ಚೀಲಗಳಲ್ಲಿ ಹಾಕಿ. ಮೂರು ನಾಲ್ಕು ವಾರದಲ್ಲಿ ಮೊಳೆಯುತ್ತದೆ. ಕಾಯಿ ಬಿಡಲು ಮೂರರಿಂದ ಐದು ವರ್ಷ ಬೇಕು. ಸುಳ್ಯದ ಅಕ್ಕ ಹೇಳಿದ ಹಾಗೆ ಹುಳಿ ಮರವೂ ಇದೆ, ಸಿಹಿ ಮರವೂ ಇದೆ, ಬೀಜದ ಗಿಡದಲ್ಲಿ ಯಾವುದು ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಸಿಹಿಯೇ ಬೇಕು ಅಂದರೆ ತಿಂದು ನೋಡಿದ ಮರದಿಂದ ಕಸಿ ಮಾಡಿದ ಸಸಿ ತಗೊಳ್ಳಿ. ನರ್ಸರಿಯಲ್ಲಿ ಕೇಳುವಾಗ ಮುಳ್ಳು ರಾಮಫಲ ಅಂತಲೂ ಹೇಳಿ. ಹನುಮಫಲ ಅಂತ ಕೆಲವರು ಇದನ್ನೂ ಕರೆಯುತ್ತಾರೆ, ಬೇರೆಯದನ್ನೂ ಕರೆಯುತ್ತಾರೆ, ಹಾಗಾಗಿ ಎಲೆ ನೋಡಿ ತಗೊಳ್ಳುವುದು ಒಳ್ಳೆಯದು. ಇದರ ಎಲೆ ದಪ್ಪ, ಮೇಲೆ ಕಡು ಹಸಿರು ಹೊಳಪು, ಉಜ್ಜಿದರೆ ಘಾಟು ವಾಸನೆ ಬರುತ್ತದೆ. ಸೀತಾಫಲದ ಎಲೆ ತೆಳ್ಳಗೆ, ಹೊಳಪಿರುವುದಿಲ್ಲ.

ಹುಬ್ಬಳ್ಳಿಯಲ್ಲಿ ಗಿಡ ಬದುಕುತ್ತದೆ. ಸಮುದ್ರ ಮಟ್ಟದಿಂದ 1000 ಮೀಟರ್ ಒಳಗಿನ ಜಾಗ ಇದಕ್ಕೆ ಸರಿ, ನಿಮ್ಮ ಊರು ಅದರೊಳಗೇ ಇದೆ. ತೊಂದರೆ ಕೊಡುವುದು ಬೇಸಿಗೆಯ ಒಣ ಗಾಳಿ. ಈ ಮರಕ್ಕೆ ತೇವದ ಗಾಳಿ ಬೇಕು, ಒಣ ಗಾಳಿ ಬೀಸಿದರೆ ಹೂ ಉದುರುತ್ತದೆ. ಗೋಡೆಯ ಮರೆಯಲ್ಲೋ ದೊಡ್ಡ ಮರದ ಪಕ್ಕದಲ್ಲೋ ಹಾಕಿ, ಬೇಸಿಗೆಯಲ್ಲಿ ತಪ್ಪದೆ ನೀರು ಕೊಡಿ, ಬುಡಕ್ಕೆ ತರಗೆಲೆ ದಪ್ಪಗೆ ಹೊದಿಸಿ, ಬೇರು ಮೇಲೆ ಮೇಲೆ ಇರುವುದರಿಂದ ಅದು ಬೇಕೇ ಬೇಕು. ನಿಮ್ಮಲ್ಲಿ ಎರೆಮಣ್ಣು ಇದ್ದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಗುಂಡಿ ತೋಡಿ ಹಾಕುವ ಬದಲು ದಿಬ್ಬ ಮಾಡಿ ಅದರ ಮೇಲೆ ಹಾಕಿ.

ಗಿಡ ಬೆಳೆದು ಹೂ ಬಿಟ್ಟ ಮೇಲೆ ಎಲ್ಲರೂ ಕೇಳುವುದು ಒಂದೇ: ಹೂ ಇಷ್ಟಿದೆ, ಕಾಯಿ ಯಾಕಿಲ್ಲ? ಇದರ ಹೂವಿನಲ್ಲಿ ಹೆಣ್ಣು ಭಾಗ ಮೊದಲು ತಯಾರಾಗುತ್ತದೆ, ಗಂಡು ಭಾಗ ಪರಾಗ ಬಿಡುವುದು ಆಮೇಲೆ. ಅಷ್ಟರಲ್ಲಿ ಹೆಣ್ಣು ಭಾಗ ಒಣಗಿರುತ್ತದೆ. ಜೇನುಹುಳು ಇದರ ದಪ್ಪ ಎಸಳಿನೊಳಗೆ ನುಗ್ಗುವುದಿಲ್ಲ, ಸಣ್ಣ ಸಣ್ಣ ಜೀರುಂಡೆಗಳು ಮಾತ್ರ ಒಳಗೆ ಹೋಗಿ ಈ ಕೆಲಸ ಮಾಡುತ್ತವೆ. ಅವು ಕಡಿಮೆ ಇರುವ ಕಡೆ ಕಾಯಿ ಕಚ್ಚುವುದಿಲ್ಲ, ಕಚ್ಚಿದರೂ ಒಂದು ಮಗ್ಗುಲು ಬೆಳೆಯದೆ ಸೊಟ್ಟ ಆಗುತ್ತದೆ. ನಿಮಗೆ ಸಿಕ್ಕ ಹಣ್ಣು ಸೊಟ್ಟ ಇದ್ದದ್ದು ಅದಕ್ಕೇ, ಹೂವಿನ ಆ ಕಡೆಯ ಹೆಣ್ಣು ಭಾಗಕ್ಕೆ ಪರಾಗ ಸಿಕ್ಕಿಲ್ಲ.

ನಾವು ಕೈಯಲ್ಲೇ ಮಾಡುತ್ತೇವೆ. ಬೆಳಿಗ್ಗೆ ಬೇಗ, ಪೂರ್ತಿ ಅರಳಿ ಪರಾಗ ಉದುರುತ್ತಿರುವ ಹೂವನ್ನು ಒಂದು ಸಣ್ಣ ಬಟ್ಟಲಿಗೆ ತಟ್ಟಿ ಪುಡಿ ತೆಗೆದುಕೊಳ್ಳುವುದು, ಈಗಷ್ಟೇ ಬಾಯಿ ಬಿಡುತ್ತಿರುವ ಇನ್ನೊಂದು ಹೂವಿನೊಳಗೆ ನಡುವಿನ ಹೆಣ್ಣು ಭಾಗಕ್ಕೆ ಪೇಂಟಿಂಗ್ ಬ್ರಶ್ಶಿನಲ್ಲಿ ಸುತ್ತಲೂ ಸವರುವುದು. ಆ ಭಾಗ ಅಂಟು ಅಂಟಾಗಿ ಹೊಳೆಯುತ್ತಿದ್ದರೆ ಸರಿಯಾದ ಸಮಯ. ಇದು ಮಾಡಿದ ಮೇಲೆ ನಮ್ಮಲ್ಲಿ ಕಾಯಿ ಎದ್ದು ಕಾಣುವಷ್ಟು ಜಾಸ್ತಿಯಾಯಿತು. ದಪ್ಪ ಕೊಂಬೆಗಳಲ್ಲಿ, ಕಾಂಡದಲ್ಲಿ ಬಿಡುವ ಹೂಗಳಿಗೆ ಮಾತ್ರ ಮಾಡಿ. ತುದಿಯ ತೆಳು ರೆಂಬೆಯಲ್ಲಿ ಕಾಯಿ ನಿಂತರೆ ತೂಕಕ್ಕೆ ರೆಂಬೆಯೇ ಮುರಿಯುತ್ತದೆ.

ಕಾಯಿ ಮುಷ್ಟಿ ಗಾತ್ರ ಆದ ಮೇಲೆ ಬಟ್ಟೆ ಚೀಲ ಕಟ್ಟಿ. ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದ ಹಾಗೆ ಕಾಣುವ ಹುಳ) ಮುಳ್ಳಿನ ಸಂದಿಯಲ್ಲಿ ಕೂತರೆ ಬಿಡಿಸುವುದು ಕಷ್ಟ. ಇರುವೆ ಸಾಲು ಹತ್ತುವುದು ಕಂಡರೆ ಮೊದಲು ಅದನ್ನು ತಡೆಯಿರಿ, ತಿಗಣೆಗೆ ಕಾವಲು ಅವೇ.

ಹುಬ್ಬಳ್ಳಿ_ಅಡುಗೆಮನೆ:

ಹಣ್ಣು ಸೊಟ್ಟ ಇದ್ದದ್ದಕ್ಕೆ ಇಷ್ಟೆಲ್ಲಾ ಕಾರಣ ಇದೆ ಅಂತ ಗೊತ್ತಿರಲಿಲ್ಲ ಅಣ್ಣಾ! ಬೀಜ ತೊಳೆದು ಇಟ್ಟಿದ್ದೇನೆ. ಮಳೆಗಾಲ ಶುರುವಾಗುವವರೆಗೆ ಒಣಗಿಸಿ ಇಡಬಹುದಾ, ಈಗಲೇ ಹಾಕಬೇಕಾ? ಶಿರಸಿಯವರಿಗೂ ಕೇಳಿದೆ, ಅವರ ಮರ ತಾನಾಗಿ ಹುಟ್ಟಿದ್ದಂತೆ.

ತೀರ್ಥಹಳ್ಳಿ_ತೋಟಿಗ:

ಈಗಲೇ ಹಾಕಿ. ತಾಜಾ ಬೀಜ ಬೇಗ ಮೊಳೆಯುತ್ತದೆ, ಇಟ್ಟಷ್ಟೂ ಮೊಳೆಯುವುದು ಕಡಿಮೆ. ಚೀಲಗಳನ್ನು ನೆರಳಲ್ಲಿಡಿ, ಒಂದೊಂದರಲ್ಲಿ ಎರಡು ಬೀಜ, ಒಂದು ಇಂಚು ಆಳ. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಒಂದಡಿ ಬೆಳೆದ ಮೇಲೆ ಮಳೆ ಹಿಡಿದಾಗ ನೆಲಕ್ಕೆ ಹಾಕಿದರೆ ಆಯಿತು. ಬೀಜ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಶಿರಸಿಯವರ ಮರದ ಹಣ್ಣು ಸಿಹಿ ಇತ್ತು ಅಂದರೆ ಅವರ ಹತ್ತಿರ ಒಂದೆರಡು ಕಸಿ ಕಡ್ಡಿ ಬೇಕು ಅಂತ ಈಗಲೇ ಹೇಳಿಡಿ, ನಿಮ್ಮ ಸಸಿ ಪೆನ್ಸಿಲ್ ದಪ್ಪ ಆದಾಗ ತಾಜಾ ಕಡ್ಡಿ ತಂದು ಅದರ ಮೇಲೇ ಕಟ್ಟಬಹುದು.